ಉರ್ಲಗಡ್ಡೆ ಬಿಲ್ಲೆ, ನಾನು ಕೊಟ್ಟ ಕನ್ನಡಕ

ಹೊಸೂರಿಗೆ ಬಂದ ಮರುದಿನ, ಭಾನುವಾರ ಬೆಳಿಗ್ಗೆ, ನೀರು ಕೇಳಲೆಂದು ಮಹಡಿಯಿಂದ ಕೆಳಗಿಳಿದರೆ ಜಗಲಿಯ ಮೇಲೆ ಒಬ್ಬ ಗಂಡಸು ಎರಡೂ ಕಣ್ಣಿನ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಅಂಗಾತ ಮಲಗಿದ್ದ. ಎದುರು ಮನೆಯ ಕಟ್ಟೆಯ ಮೇಲೆ ಇನ್ನಿಬ್ಬರು, ಅವರದೂ ಅದೇ ಅವತಾರ. ನಮ್ಮ ವಿಜಯಪುರದಲ್ಲಿ ಬಟಾಟಿಯನ್ನು ಪಲ್ಯ ಮಾಡಿ ತಿನ್ನುತ್ತೇವೆ, ಕಣ್ಣಿಗೆ ಇಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಎಂಥ ಊರಿಗೆ ಬಂದೆನಪ್ಪಾ ಎಂದು ಕೊಡ ಹಿಡಿದುಕೊಂಡು ಅಲ್ಲೇ ನಿಂತೆ.

"ಯಾರು, ಮೇಲ್ಗಡೆ ಮನೆ ಅಕ್ಕನಾ?" ಎಂದ ಮಲಗಿದ್ದವನು, ಬಿಲ್ಲೆ ತೆಗೆಯದೆ. "ನಾನು ಮುನಿರಾಜು, ಈ ಮನೇವ್ನೇ. ನಿನ್ನೆ ವೆಲ್ಡಿಂಗ್ ಬೆಳಕು ಒಡೆದ್ಬುಡ್ತು. ಕಣ್ಣಾಗೆ ಮರಳು ಉಯ್ದಂಗೈತೆ. ಉರ್ಲಗಡ್ಡೆ ಮಡಿಕ್ಕೊಂಡ್ರೆ ನಾಳೀಕೆ ಸರಿ ಓಗ್ತದೆ."

ನಾನು ಊರು ಬಿಟ್ಟು ಬಂದದ್ದೇ ಆ ಬೆಳಕಿನ ಬೆನ್ನು ಹತ್ತಿ. ಅತಿನೇರಳೆ ಕಿರಣವೂ ಲೇಸರ್ ಬೆಳಕೂ ಕಣ್ಣನ್ನು, ಚರ್ಮವನ್ನು ಎಷ್ಟು ಸುಡುತ್ತವೆ, ಯಾವ ಕನ್ನಡಕ ಎಷ್ಟು ತಡೆಯುತ್ತದೆ ಎಂದು ಅಳೆಯುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಹಾಗಾಗಿ ಅವತ್ತೇ ಜಗಲಿಯ ಮೇಲೆ ಪಾಠ ಶುರು ಮಾಡಿದೆ. ವೆಲ್ಡಿಂಗ್ ಬೆಳಕು ಸುಡುವುದು ಕಣ್ಣಿನ ಮೇಲ್ಪದರವನ್ನು. ಅದು ಒಂದೆರಡು ದಿನದಲ್ಲಿ ತಾನಾಗಿಯೇ ಮಾಯುತ್ತದೆ. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು ಎನ್ನುವ ಹಾಗೆ ಹೆಸರು ಮಾತ್ರ ಆಲೂಗಡ್ಡೆಗೆ. ಮುನಿರಾಜುವಿನ ತಾಯಿ ಮುನಿರತ್ನಮ್ಮ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಓದಿರೋಳು ಏಳ್ತಾವ್ಳೆ, ಕೇಳ್ಲಾ," ಎಂದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಆಲೂಗಡ್ಡೆ ಕೊಯ್ದು ತಂದರು.

ಗಡಿಯಾಚೆಯ ಆ ತಮಿಳು ಸೀಮೆಯಲ್ಲಿ ಕನ್ನಡ ಇದೆಯಾ ಎಂದು ನೀವು ಕೇಳುತ್ತೀರಿ. ಇದೆ. ಮೂಕಂಡಪಲ್ಲಿಯ ಈ ಮನೆಯ ಅಂಗಳದಲ್ಲಿದೆ, ಬೈಗುಳದಲ್ಲಿದೆ, ಹಸು ಕರೆಯುವಾಗ ಇದೆ. ಕಾಗದದ ಮೇಲೆ ಇಲ್ಲ. ಮುನಿರತ್ನಮ್ಮ ಗ್ಯಾಸ್ ತರುವವನಿಗೆ ತಮಿಳಿನಲ್ಲಿ ಜೋರು ಮಾಡಿ, ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಚೌಕಾಸಿ ಮುಗಿಸಿ, ಅದೇ ಉಸಿರಿನಲ್ಲಿ ಮಗನನ್ನು ಕನ್ನಡದಲ್ಲಿ ಗದರುತ್ತಾರೆ. ನಾನು ಮೊದಲು ಕಲಿತ ತಮಿಳು ಪದ 'ಇರಂಗುಂಗ', ಇಳಿಯಿರಿ ಎಂದರ್ಥ. ನನ್ನ ಸ್ಟಾಪು ದಾಟಿ ಎಷ್ಟೋ ದೂರ ಹೋದ ಮೇಲೆ ಕಂಡಕ್ಟರ್ ಕಲಿಸಿದ್ದು.

ಅನ್ನದ ಕಥೆ ಬೇರೆ. ಇಲ್ಲಿ ರಾಗಿ ಮುದ್ದೆ, ಅದನ್ನು ಜಗಿಯಬಾರದು, ನುಂಗಬೇಕು. ನಾನು ಜಗಿದು ಜಗಿದು ದವಡೆ ನೋಯಿಸಿಕೊಂಡೆ. ಜೋಳಕ್ಕಾಗಿ ಅಂಗಡಿ ಅಂಗಡಿ ಅಲೆದೆ. ಕೇಳಿದಲ್ಲೆಲ್ಲ ಮುಸುಕಿನ ಜೋಳ ತೋರಿಸಿದರು. ಕೊನೆಗೆ ರಾಯಕೋಟೆಯ ಮಾರ್ಕೆಟ್ಟಿನಲ್ಲಿ 'ಚೋಳಂ' ಎಂಬ ಹೆಸರಿನಲ್ಲಿ ಅದು ಕೂತಿತ್ತು. ಚೀಲ ಹೊತ್ತು ತಂದು, ಬೀಸಿಸಿ, ರೊಟ್ಟಿ ಬಡಿದೆ. ಮುನಿರಾಜು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, "ಅಕ್ಕ, ನಮ್ ಶೆಡ್ನಾಗೆ ಇಂತಾ ಶೀಟ್ನ ಮಿಷನ್ನಾಗೆ ಕಟ್ ಮಾಡ್ತೀವಿ," ಎಂದ. ಎಲ್ಲರೂ ನಕ್ಕರು. ನನಗೆ ಈ ಊರು ಸ್ವಲ್ಪ ನನ್ನದೆನ್ನಿಸಿದ್ದು ಅವತ್ತು.

ಅವನು ನನ್ನ ಪಾಠವನ್ನು ಮರೆತಿರಲಿಲ್ಲ. ಶೆಡ್ಡಿಗೆ ಪ್ಲಾಸ್ಟಿಕ್ ಹಾಳೆ ಕತ್ತರಿಸುವ ಲೇಸರ್ ಯಂತ್ರ ಬಂದಾಗ ತಾನಾಗಿ ಮಹಡಿ ಹತ್ತಿ ಬಂದು ಕನ್ನಡಕ ಕೇಳಿದ. ನಾನೇ ಪರೀಕ್ಷಿಸಿದ, ನೀರಿನಂತೆ ತಿಳಿಯಾದ ಒಂದು ಜೊತೆ ಕೊಟ್ಟೆ. ಆ ಯಂತ್ರಕ್ಕೆ ಅದು ಸಾಕಾಗಿತ್ತು. ಅವನು ಅದನ್ನು ಹಾಕಿಕೊಂಡೇ ಕೆಲಸ ಮಾಡಿದ, ಹಾಕದವರನ್ನು ಬೈದ. "ನಮ್ಮಕ್ಕ ಸೈಂಟಿಸ್ಟು" ಎಂದು ಶೆಡ್ಡಿನ ತುಂಬ ಹೇಳಿಕೊಂಡು ಬಂದ. ಕೆಲಸಗಾರರಿಗೆ ಕನ್ನಡಕ ಕೊಡಿ ಎಂದು ಕಾರ್ಖಾನೆ ಮಾಲೀಕರಿಗೆ ಪತ್ರ ಬರೆದು ಬರೆದು ಸೋತವಳು ನಾನು. ಇಡೀ ಕೈಗಾರಿಕಾ ಪ್ರದೇಶದಲ್ಲಿ ನನ್ನ ಮಾತು ಕೇಳಿದ ಮನುಷ್ಯ ಅವನೊಬ್ಬನೇ, ಅದರ ಜಂಬ ನನಗಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಅವನ ಫೋನ್ ಬಂತು. ನಾನು ಪ್ರಯೋಗಾಲಯದಲ್ಲಿ ಅಳತೆ ಬರೆದುಕೊಳ್ಳುತ್ತಿದ್ದೆ, ಫೋನು ಕಿವಿಗೂ ಭುಜಕ್ಕೂ ನಡುವೆ.

"ಅಕ್ಕ, ಒಸಾ ಲೇಸರ್ ಬಂದೈತೆ. ನೀವು ಕೊಟ್ಟಿದ್ದೇ ಆಕ್ಕೊಳ್ಳೋದಾ?"

"ಹಾಕ್ಕೊ, ಹಾಕ್ಕೊ. ಬಿಚ್ಚಬ್ಯಾಡ," ಎಂದೆ.

ಯಾವ ಲೇಸರ್ ಎಂದು ಕೇಳಲಿಲ್ಲ. ಬಂದದ್ದು ಉಕ್ಕು ಬೆಸೆಯುವ, ಕೈಯಲ್ಲಿ ಹಿಡಿಯುವ ಹೊಸ ಗನ್ನು. ಹಳೆಯ ಯಂತ್ರದ ಬೆಳಕೂ ಕಣ್ಣಿಗೆ ಕಾಣದು, ಇದರದ್ದೂ ಕಾಣದು. ಆದರೆ ಅವೆರಡೂ ಒಂದೇ ಅಲ್ಲ. ಹಳೆಯದನ್ನು ಆ ತಿಳಿ ಪ್ಲಾಸ್ಟಿಕ್ ತಡೆಯುತ್ತಿತ್ತು. ಹೊಸದು ಅದನ್ನು ಕಿಟಕಿಯ ಗಾಜು ದಾಟಿದ ಹಾಗೆ ದಾಟಿ ಹೋಗಿ ಕಣ್ಣಿನ ಹಿಂದಿನ ಪರದೆಯನ್ನು ಸುಡುತ್ತದೆ. ಯಾವ ಬೆಳಕಿಗೆ ಯಾವ ಕನ್ನಡಕ ಎಂಬುದನ್ನು ಅದರ ಅಂಚಿನಲ್ಲಿ ಇರುವೆ ಸಾಲಿನಂಥ ಅಂಕಿಗಳಲ್ಲಿ ಬರೆದಿರುತ್ತಾರೆ. ಅದನ್ನು ಓದುವುದಕ್ಕೇ ನನಗೆ ಸಂಬಳ.

ಎರಡು ವಾರದ ಮೇಲೆ, ಸಂಜೆ, ಅವನು ಮಹಡಿ ಹತ್ತಿ ಬಂದ.

"ಅಕ್ಕ, ಕಣ್ಣಾಗೆ ಏನೋ ಕರೀ ಮಚ್ಚೆ ಕುಂತೈತೆ. ಎತ್ತ ನೋಡಿದ್ರೂ ಅತ್ತ ಬತ್ತೈತೆ."

"ನೋವು?"

"ಇಲ್ವೇ ಇಲ್ಲ," ಎಂದು ನಕ್ಕ. "ಅದ್ಕೇ ಉರ್ಲಗಡ್ಡೇನೂ ಮಡಗಿಲ್ಲ."

ಆ ಪರದೆಗೆ ನೋವು ತಿಳಿಯುವುದಿಲ್ಲ. ಕನ್ನಡಕ ತೋರಿಸು ಎಂದೆ. ಜೇಬಿನಿಂದ ತೆಗೆದ, ಗೀರು ಬೀಳಬಾರದೆಂದು ಮೆತ್ತನೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅಂಚಿನ ಅಂಕಿ ಓದಿದೆ, ಹಳೆಯ ಯಂತ್ರಕ್ಕೆಂದು ಕೊಟ್ಟದ್ದೇ. "ನನ್ನ ಮುಖ ಕಾಣ್ತದೇನಪಾ?" ಎಂದೆ. "ಮುಖ ಕಾಣ್ತಿಲ್ಲ ಅಕ್ಕ. ಕಿವಿ ಓಲೆ ಕಾಣ್ತೈತೆ," ಎಂದ.

ಕಣ್ಣಾಸ್ಪತ್ರೆಯ ಡಾಕ್ಟರು ಎಲ್ಲ ನೋಡಿ, "ಒಣ್ಣುಂ ಪಣ್ಣ ಮುಡಿಯಾದು," ಎಂದರು. ಏನೂ ಮಾಡಲಾಗುವುದಿಲ್ಲ ಎಂದು. ಬಲಗಣ್ಣಿನ ನಡುಭಾಗ ಹೋಗಿತ್ತು, ಎಡಗಣ್ಣಿನ ನಡುವೆಯೂ ಕಲೆ ಇತ್ತು. ಡಾಕ್ಟರ ಆ ಮೂರು ತಮಿಳು ಪದಗಳನ್ನು ನಾನು ಮನಸ್ಸಿನಲ್ಲಿ ಒಂದೊಂದಾಗಿ ಕನ್ನಡಕ್ಕೆ ತರುತ್ತಿರುವಾಗಲೇ ಪಕ್ಕದಲ್ಲಿ ಮುನಿರತ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ನನಗೆ.

ಮನೆಗೆ ಬಂದು ಹೇಳಿಬಿಟ್ಟೆ. ತಪ್ಪು ನನ್ನದು, ಆ ಕನ್ನಡಕ ಈ ಯಂತ್ರಕ್ಕೆ ಇದ್ದೂ ಇಲ್ಲದ ಹಾಗೆ, ಅವನು ಕೇಳಿದಾಗ ನಾನು ವಿಚಾರಿಸಲಿಲ್ಲ ಎಂದು ಅಳುತ್ತಲೇ ಹೇಳಿದೆ. ಅವರು ಬೈಯಲಿ, ಮನೆ ಖಾಲಿ ಮಾಡು ಎನ್ನಲಿ ಎಂದು ಕಾದೆ.

"ಅಂಗೆಲ್ಲ ಅನ್ಬೇಡ ಕಣಮ್ಮಣ್ಣಿ," ಎಂದರು ಮುನಿರತ್ನಮ್ಮ. "ನೀನು ಕನ್ನಡಕ ಕೊಟ್ಟಿದ್ಕೇ ಇಷ್ಟಾದ್ರೂ ಉಳ್ಕಂಡ್ತು. ಇಲ್ದಿದ್ರೆ ಪೂರಾ ಓಗ್ಬುಡೋದು."

"ಇಲ್ಲಮ್ಮಾ, ಅದರಿಂದ ಏನೂ ಉಳಿದಿಲ್ಲ," ಎಂದೆ.

"ಅಕ್ಕಂಗೆ ಸಂಕಟ, ಅದ್ಕೇ ಅಂಗಂತಾರೆ," ಎಂದ ಮುನಿರಾಜು ತಾಯಿಗೆ. "ಬಿಡಮ್ಮ."

ಆಲೂಗಡ್ಡೆಗೆ ಬಂದ ಹೆಸರು ನನ್ನ ಕನ್ನಡಕಕ್ಕೂ ಬಂತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆ ವಾರವೇ ಶೆಡ್ಡಿನ ಇಬ್ಬರು ಬಂದು, ಮುನಿರಾಜು ಕಣ್ಣು ಉಳಿಸಿದಂಥದ್ದೇ ತಮಗೂ ಬೇಕು ಎಂದು ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸರಿಯಾದವನ್ನು, ಕಡುಹಸಿರು ಗಾಜಿನವನ್ನು, ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಹಾಕಿ ನೋಡಿ, ಕತ್ತಲೆ, ಬೆಸುಗೆ ಕಾಣುವುದಿಲ್ಲ ಎಂದು ಮೊಳೆಗೆ ನೇತುಹಾಕಿದರು. ತಿಂಗಳ ಮೇಲೆ ಹೋದಾಗ ಅವು ಅದೇ ಮೊಳೆಯಲ್ಲಿದ್ದವು. ಗನ್ನು ಹಿಡಿದವನು ಮುನಿರಾಜುವಿನ ತಿಳಿ ಕನ್ನಡಕ ಹಾಕಿಕೊಂಡಿದ್ದ, ಇಸಿದುಕೊಂಡೆ. ಮಾರನೆಯ ದಿನ ಅಂಥದ್ದೇ ಇನ್ನೊಂದನ್ನು ಅಂಗಡಿಯಿಂದ ತಂದರಂತೆ.

ಮುನಿರಾಜು ಈಗ ಶೆಡ್ಡಿಗೆ ಹೋಗುವುದಿಲ್ಲ. ಸಾನಮಾವು ಕಾಡಿನ ಅಂಚಿಗೆ ಅವರ ರಾಗಿ ಹೊಲವಿದೆ, ಅಲ್ಲಿ ಕಾವಲು. ಗುಡ್ಡದ ಓರೆಯಲ್ಲಿ ನಿಂತ ಆನೆಯನ್ನು ಮೈಲಿ ದೂರದಿಂದ ಗುರುತಿಸುತ್ತಿದ್ದವನಂತೆ ಅವನು. ಹೋದ ಭಾನುವಾರ ಜೊತೆಗೆ ಹೋಗಿದ್ದೆ. ಹೊತ್ತು ಇಳಿಯುವಾಗ, "ಅಕ್ಕ, ಆ ಬಿದಿರುಮೆಳೆ ಪಕ್ಕ ಇರೋದು ಬಂಡೇನಾ, ಆನೇನಾ?" ಎಂದು ಕೇಳಿದ. ದಿಟ್ಟಿಸಿ ನೋಡಿದೆ. ನನ್ನೂರು ಮಟ್ಟಸ ಬಯಲು. ಅಲ್ಲಿ ಎಮ್ಮೆ ಬಂದರೂ ಹರದಾರಿಯಿಂದ ಕಾಣುತ್ತದೆ. ಇಲ್ಲಿ ಎರಡು ಒಳ್ಳೆಯ ಕಣ್ಣಿದ್ದೂ ನನಗೆ ತಿಳಿಯಲಿಲ್ಲ. ಗೊತ್ತಿಲ್ಲ ಎಂದೆ. ಯಂತ್ರದ ವಿಷಯದಲ್ಲೂ ಅಷ್ಟು ಹೇಳಿದ್ದರೆ ಆಗುತ್ತಿತ್ತು.

"ಸಾಕು ಬಾರವಾ, ಇಲ್ಲೇ ಕಾಲೇಜಿನ್ಯಾಗ ಕಲಸಾಕ ಕರ್ಯಾಕತ್ತಾರ," ಎಂದು ಅವ್ವ ಫೋನಿನಲ್ಲಿ ಹೇಳುತ್ತಲೇ ಇದ್ದಾಳೆ. ಹೋಗಬಹುದು. ನಮ್ಮ ಬಿಸಿಲು ಸುಟ್ಟರೆ ಸುಟ್ಟಿತು ಎಂದಾದರೂ ಗೊತ್ತಾಗುತ್ತದೆ. ಪೆಟ್ಟಿಗೆ ಕೆಳಗಿಳಿಸಿ ಎರಡು ಸಲ ತುಂಬಿದ್ದೇನೆ, ಎರಡು ಸಲವೂ ಮುನಿರತ್ನಮ್ಮ ಸಾರಿನ ಬಟ್ಟಲು ಹಿಡಿದು ಮೇಲೆ ಬಂದರು.

ಈಗ ನಾನು ಮೆಟ್ಟಿಲಿಳಿದರೆ ಮುನಿರಾಜು ಜಗಲಿಯ ಮೇಲೆ ಮುಖವನ್ನು ಪೂರ್ತಿ ಪಕ್ಕಕ್ಕೆ ಹೊರಳಿಸುತ್ತಾನೆ. ನಡುವೆ ಕತ್ತಲೆ, ನೋಟ ಉಳಿದಿರುವುದು ಕಣ್ಣಿನ ಅಂಚಿನಲ್ಲಿ. ನನ್ನನ್ನು ನೋಡಬೇಕಾದರೆ ಅವನು ಬೇರೆಲ್ಲೋ ನೋಡಬೇಕು. ಬೀದಿಯವರು ಜಗಳವಾಗಿದೆ ಎಂದುಕೊಂಡಿದ್ದಾರೆ. ನಿಜಕ್ಕೂ ಮುನಿದು ಅವನು ಹಾಗೆ ಮುಖ ತಿರುಗಿಸಿದ್ದರೆ ನಾನು ಎಂದೋ ಊರಿಗೆ ಹೋಗಿಬಿಡುತ್ತಿದ್ದೆ. ಅವನು ಗೋಡೆಯ ಕಡೆ ನೋಡುತ್ತಾ, ನಗುತ್ತಾ, "ಬನ್ನಿ ಅಕ್ಕ, ಕುಂತ್ಕೊಳ್ಳಿ," ಎನ್ನುತ್ತಾನೆ. ಹೋಗಿ ಕೂರುತ್ತೇನೆ.