ಬಫರಮ್ಮ ಬಡಿಸಿದ ಹಳಸಲು ಅಂಕಿ

ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಬಫರಮ್ಮ ಎಂದೇ ಕರೆಯುತ್ತಿದ್ದರು. ಕಂಪ್ಯೂಟರಿನ ಸಿ ಭಾಷೆಗೊಂದು ಲೈಬ್ರರಿ, ಅಂದರೆ ಎಲ್ಲ ಪ್ರೋಗ್ರಾಂಗಳೂ ಬಳಸುವ ಸಿದ್ಧ ಕೋಡಿನ ಕಟ್ಟು; ಅದರಲ್ಲಿ ಫೈಲು ಓದುವ ಭಾಗ ಹದಿನೆಂಟು ವರ್ಷದಿಂದ ಆಕೆಯ ಉಸ್ತುವಾರಿ. ಒಂದಕ್ಷರ ಕೇಳಿದರೂ ಡಿಸ್ಕಿನಿಂದ ನಾಲ್ಕು ಸಾವಿರ ಅಕ್ಷರ ಒಟ್ಟಿಗೆ ತಂದು, ಬಫರ್ ಎಂಬ ಕೈಗೆಟುಕುವ ಜಾಗದಲ್ಲಿ ಇಟ್ಟುಕೊಳ್ಳುವುದು ಅದರ ಕೆಲಸ. ಮನೆಯಲ್ಲೂ ಅದೇ ಚಾಳಿ. ಮಹಡಿಗೆ ಹೋಗಬೇಕಾದ ಬಟ್ಟೆ, ಪುಸ್ತಕ, ಗಂಡನ ಮಾತ್ರೆ, ಎಲ್ಲ ಮೆಟ್ಟಿಲ ಬುಡದಲ್ಲಿ ರಾಶಿ.

"ನನ್ನ ಮಾತ್ರೆ ಯಾವಾಗ ಮೇಲೆ ಬರುತ್ತೇ?" ಮಹಡಿಯಿಂದ ಗಂಡನ ಕೂಗು.

"ಇನ್ನೊಂದೆರಡು ಸಾಮಾನು ಸೇರಲಿ, ಒಟ್ಟಿಗೆ ತರ್ತೀನಿ."

"ಅಷ್ಟೊತ್ತಿಗೆ ನಾನು ಇನ್ನೂ ಮೇಲೆ ಹೋಗಿರ್ತೀನಿ ಬಿಡು."

ಇಂಥವಳ ಕಣ್ಣಿಗೆ ಒಂದು ದುಂದು ಬಿತ್ತು. ಫೈಲಿನೊಳಗೆ ಹಿಂದಕ್ಕೋ ಮುಂದಕ್ಕೋ ಸರಿಯುವುದಕ್ಕೆ ಸೀಕ್ ಎನ್ನುತ್ತಾರೆ. ಪ್ರತಿ ಸೀಕ್‌ಗೂ ಲೈಬ್ರರಿ ಬಫರನ್ನು ಚೆಲ್ಲಿ ಡಿಸ್ಕಿಗೆ ಓಡುತ್ತಿತ್ತು. ಬೇಕಾದದ್ದು ಬಫರಿನಲ್ಲೇ ಇದ್ದರೂ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಹನ್ನೊಂದು ಸಾಲು ಬರೆದು ಆ ಓಟ ನಿಲ್ಲಿಸಿದಳು. ವೇಗ ಆರು ಪಟ್ಟಾಯಿತು. ಚಪ್ಪಾಳೆಯೂ ಬಿತ್ತು.

ತಿಂಗಳಲ್ಲಿ ಒಂದು ಆಸ್ಪತ್ರೆಯ ಡಾಕ್ಟರಿಂದ ಅಲ್ಲಿನ ಲ್ಯಾಬಿನ ಬಗ್ಗೆ ದೂರು ಬಂತು. ರಕ್ತ ಪರೀಕ್ಷೆಯ ಯಂತ್ರ ಕೊಟ್ಟ ಅಂಕಿ ಒಂದು, ರಿಜಿಸ್ಟರಿನಲ್ಲಿ ಬರೆದದ್ದು ಇನ್ನೊಂದು. ಪುಣ್ಯಕ್ಕೆ ಅವರು ಅನುಮಾನಪಟ್ಟು ಮತ್ತೆ ಪರೀಕ್ಷೆ ಮಾಡಿಸಿದ್ದರು. ಕಂಪ್ಯೂಟರ್ ಪರದೆ ನೋಡಿ ಬರೆದುಕೊಳ್ಳುವ ಟೆಕ್ನಿಷಿಯನ್ ಹೆಂಗಸಿಗೆ ಮಾತ್ರ ಲ್ಯಾಬಿನ ಮುಖ್ಯಸ್ಥರು 'ದೃಷ್ಟಿದೋಷ' ಎಂದು ಷರಾ ಬರೆದು, ಸೋಮವಾರದಿಂದ ಬರಬೇಡ ಎಂದಿದ್ದರು. ವಿಚಾರಣೆ? ಯಾಕೆ ಬೇಕು! ಯಂತ್ರ ತಪ್ಪು ಮಾಡುವುದಿಲ್ಲವಂತೆ. ತಪ್ಪೆಲ್ಲ ಕೆಳಗಿನ ಕುರ್ಚಿಯವರ ಹೆಸರಿಗೇ ಮೀಸಲು.

ಬಫರಮ್ಮ ಲ್ಯಾಬಿನ ಪ್ರೋಗ್ರಾಂ ತೆರೆದು ನೋಡಿದಳು. ಅದು ನಿಮಿಷಕ್ಕೊಮ್ಮೆ, ಯಂತ್ರ ಅಂಕಿ ಬರೆದಿಡುವ ಫೈಲಿನ ಮೊದಲಿಗೆ ಸೀಕ್ ಮಾಡಿ, ಹೊಸ ಅಂಕಿ ಓದಿ ಪರದೆಗೆ ಹಾಕಬೇಕು. ಮೊದಲು ಬಫರ್ ಚೆಲ್ಲುತ್ತಿದ್ದುದರಿಂದ ತಾಜಾ ಅಂಕಿ ಬರುತ್ತಿತ್ತು. ಈಗ ಈಕೆಯ ಹನ್ನೊಂದು ಸಾಲು, ಬಫರಿನಲ್ಲಿದ್ದ ಹಳಸಿದ್ದನ್ನೇ ಮತ್ತೆ ಬಡಿಸುತ್ತಿತ್ತು.

ಮ್ಯಾನೇಜರು ಸಮಾಧಾನ ಹೇಳಿದರು. "ಮೇಡಂ, ನಿಯಮದ ಪ್ರಕಾರ ನಿಮ್ಮ ಕೋಡು ಸರಿ. ಬಫರ್ ಬೇಡ ಅಂತ ಲ್ಯಾಬಿನವರೇ ಹೇಳ್ಬೇಕಿತ್ತು. 'ತಾಂತ್ರಿಕ ಕಾರಣ' ಅಂತ ಬರೆದು ಮುಗಿಸಿ."

"ತಾಂತ್ರಿಕ ಕಾರಣ ಅಂದ್ರೆ ಯಾರು ಸಾರ್? ಆ ಟೆಕ್ನಿಷಿಯನ್ ಥರ ಅವರ ಕೆಲಸಾನೂ ಹೋಗುತ್ತಾ?"

ಮ್ಯಾನೇಜರಿಗೆ ತಕ್ಷಣ ಬಾಯಾರಿಕೆಯಾಯಿತು.

ಶುಕ್ರವಾರ ಮಧ್ಯಾಹ್ನ ಬಫರಮ್ಮ ತಾನೇ ಲ್ಯಾಬಿಗೆ ಹೋದಳು. ಮುಖ್ಯಸ್ಥರು, ಟೆಕ್ನಿಷಿಯನ್ ಇಬ್ಬರೆದುರೂ ಹಳೆ ಲೈಬ್ರರಿ, ಹೊಸ ಲೈಬ್ರರಿ ಎರಡನ್ನೂ ಓಡಿಸಿ ತೋರಿಸಿದಳು. "ಪರದೆಯಲ್ಲಿ ಕಂಡದ್ದನ್ನೇ ಇವರು ಬರೆದಿದ್ದಾರೆ. ತಪ್ಪು ನನ್ನದು," ಎಂದು ಹೇಳಿದ್ದಲ್ಲದೆ ಬರೆದು ಸಹಿಯನ್ನೂ ಹಾಕಿದಳು. ಮುಖ್ಯಸ್ಥರು ಮುಖ ಹುಳ್ಳಗೆ ಮಾಡಿಕೊಂಡು ಷರಾ ಹೊಡೆದುಹಾಕಿದರು.

ಟೆಕ್ನಿಷಿಯನ್ ಥ್ಯಾಂಕ್ಸ್ ಹೇಳಲಿಲ್ಲ. ಚೀಲದಿಂದ ಹೊಚ್ಚ ಹೊಸ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಒಂದು ವಾರ ನನ್ನ ಕಣ್ಣನ್ನ ನಾನೇ ನಂಬಲಿಲ್ಲ ಅಕ್ಕ. ಇದನ್ನ ಹಾಕ್ಕೊಂಡ್ರೆ ತಲೆ ಸುತ್ತುತ್ತೆ. ನಿಮಗಾದ್ರೂ ಆಗುತ್ತಾ ನೋಡಿ."

ಬಫರಮ್ಮ ಹಾಕಿಕೊಂಡು ನೋಡಿದಳು. ಗೋಡೆಯ ಮೇಲಿನ ಸಣ್ಣಕ್ಷರ ಕೂಡ ಸ್ಪಷ್ಟವಾಗಿ ಕಂಡಿತು.