ತಾರವ್ವನ ಬೋಳು ಕೈ

ಬನಹಟ್ಟಿಯ ನೇಕಾರರ ಓಣಿಯಲ್ಲಿ ತಾರವ್ವನ ಬಾಯಿಗೆ ಹೆದರದ ಜೀವ ಎರಡೇ. ಒಂದು ಮುದಕವ್ವನ ಮನೆಯ ಎಮ್ಮೆ, ಇನ್ನೊಂದು ಎರಡೂ ಕಿವಿ ಕೇಳದ ಮುದಕವ್ವ. ಅಂಥ ಬಾಯಿ ಕೊಟ್ಟ ದೇವರು ಅದೇ ಹೆಂಗಸಿಗೆ ಅಷ್ಟು ಮೆತ್ತನೆಯ ಕೈಯನ್ನೂ ಏಕೆ ಕೊಟ್ಟನೋ, ಅವನಿಗೂ ಅಂದು ನಿದ್ದೆ ಸಾಕಾಗಿರಲಿಲ್ಲವೇನೋ.

ಜಮಖಂಡಿ ರಸ್ತೆಯ ಕೇಕಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವಳ ಕೆಲಸ ಒಂದೇ, ಬುರುಗಿಗೆ ಹಿಟ್ಟು ಕೂಡಿಸುವುದು. ಆಳೆತ್ತರದ ಯಂತ್ರ ತತ್ತಿ, ಸಕ್ಕರೆ ಕೂಡಿಸಿ ಕಾಲು ತಾಸು ಬಡಿದು ಬಿಳಿ ಬುರುಗು ಎಬ್ಬಿಸುತ್ತದೆ. ಅಲ್ಲಿಗೆ ಯಂತ್ರದ ಜಾಣತನ ಮುಗಿಯಿತು. ಮೈದಾ ಹಾಕಿ ಅದನ್ನೇ ತಿರುಗಿಸಲು ಬಿಟ್ಟರೆ ಎಬ್ಬಿಸಿದ ಬುರುಗನ್ನು ತಾನೇ ಕೊಂದುಬಿಡುತ್ತದೆ. ಆಗ ತಾರವ್ವ ಬರುತ್ತಾಳೆ. ಜರಡಿ ಹಿಡಿದ ಹಿಟ್ಟು ಮೂರು ಸಲ ಉದುರುತ್ತದೆ. ಅವಳ ಬಲಗೈ ಬೆರಳಗಲಿಸಿ ಬುರುಗಿನ ನಡುವೆ ಇಳಿದು, ತಳ ಸವರಿ, ಅಂಚು ಹಿಡಿದು ಮೇಲೆದ್ದು, ತಂದದ್ದನ್ನು ಮೆಲ್ಲಗೆ ಮಗುಚುತ್ತದೆ. ಎಡಗೈ ಪಾತ್ರೆಯನ್ನು ಒಂದಿಷ್ಟೇ ತಿರುಗಿಸುತ್ತದೆ. ಮಲಗಿದ ಕೂಸಿನ ತಲೆಯ ಕೆಳಗಿಂದ ತೋಳು ಎಳೆದುಕೊಳ್ಳುವ ತಾಯಿಯ ಹಾಗೆ ಕೈಯಾಡಿಸುತ್ತಾಳೆ. ಎರಡು ಸುತ್ತು ಹೆಚ್ಚಾದರೆ ಕೇಕು ಚಪ್ಪಲಿಯ ಅಟ್ಟೆಯಾಗಿ ಹೊರಬರುತ್ತದೆ. ಅವಳು ಜ್ವರ ಬಂದು ಮಲಗಿದ್ದ ವಾರ ರೊಟ್ಟಿ ಬಡಿಯುವ ಇಬ್ಬರು ಗಟ್ಟಿ ಹೆಂಗಸರನ್ನು ನಿಲ್ಲಿಸಿದ್ದರು. ಅವರು ಬುರುಗನ್ನು ಜೋಳದ ಹಿಟ್ಟಿನಂತೆ ನಾದಿದರು. ಆ ವಾರದ ಕೇಕನ್ನು ನಾಯಿಗಳೂ ಮೂಸಿ ನೋಡಿ ಬಿಟ್ಟುಹೋದವು.

ಮನೆಯಲ್ಲಿ ತತ್ತಿಯ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಲಿಂಗವಂತರ ಹೆಂಗಸು ಇಲ್ಲಿ ತತ್ತಿಯ ಬುರುಗಿನಲ್ಲಿ ಮೊಣಕೈವರೆಗೆ ಮುಳುಗಿರುತ್ತಿದ್ದಳು. "ತಿಂದ್ರ ಪಾಪ, ಮುಟ್ಟಿದ್ರ ಪಗಾರ" ಎಂದು ತಾನೇ ಒಂದು ಶಾಸ್ತ್ರ ಮಾಡಿಕೊಂಡಿದ್ದಳು. ತಾನು ಮಾಡಿದ ಕೇಕಿನ ರುಚಿ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಒಂದು ಸೋಮವಾರ ಕೇಕು ಕತ್ತರಿಸುವಾಗ ಒಳಗೆ ಹಸಿರು ಗಾಜಿನ ಬಳೆಯ ಚೂರು ಸಿಕ್ಕಿತು. ಆ ಪಾಳಿಯ ಮಾಲನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದರು. ಮೇಲ್ವಿಚಾರಕಿ ವೈಶಾಲಿ, ಮುಧೋಳದ ಹುಡುಗಿ, ಆಹಾರದ ವಿದ್ಯೆ ಓದಿ ಬಂದವಳು, ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು.

"ತಾರಕ್ಕಾ, ಇದು ಯಾರ ಬಳಿರಿ?"

"ಊರಾಗ ಹಸರ ಬಳಿ ಇಟ್ಕೊಂಡಾಕಿ ನಾ ಒಬ್ಬಾಕೇನ ಏನವಾ?"

ಬಾಯಿ ಹಾಗೆಂದಿತು. ಸೆರಗಿನೊಳಗೆ ಬೆರಳು ಎಣಿಸಿ ನೋಡಿತು. ಎಡಗೈಯಲ್ಲಿ ಆರು, ಬಲಗೈಯಲ್ಲಿ ಐದು.

"ಇನ್ನ ಮ್ಯಾಲೆ ಕೈಯಾಗ ಬಳಿ ಇದ್ದವ್ರು ಬುರುಗು ಮುಟ್ಟಾಂಗಿಲ್ಲ. ಕೈಗವಸು ಹಾಕಿದ್ರೂ ಬಳಿ ಅದನ್ನ ಹರೀತಾವ. ಬಳಿ ತಗೀರಿ, ಇಲ್ಲಾಂದ್ರ ನಾಳಿಂದ ಪ್ಯಾಕಿಂಗಿಗೆ ಹೋಗ್ರಿ. ನಿಮ್ಮ ಮಗಳಂಗ ಹೇಳಾಕತ್ತೇನಿ."

"ಮಗಳಾದಾಕಿ ಅವ್ವನ ಬಳಿ ತಗಸ್ತಾಳೇನ? ನನ್ನ ಗಂಡ ಗುಂಡಕಲ್ಲಿನಂಗ ಮನ್ಯಾಗ ಕುಂತಾನ!"

ಗಂಡ ಬದುಕಿರುವಾಗ ಮುತ್ತೈದೆಯ ಕೈ ಬೋಳಾಗಬಾರದು. ಇದು ಅವಳಿಗೆ ಗೊತ್ತಿದ್ದಷ್ಟು ವೈಶಾಲಿಗೂ ಗೊತ್ತು. ಆದರೆ ಪ್ಯಾಕಿಂಗ್ ಎಂದರೆ ಇನ್ನೊಬ್ಬರು ಮಾಡಿದ ಕೇಕಿಗೆ ಪ್ಲಾಸ್ಟಿಕ್ ತೊಡಿಸುವುದು, ಮದುವೆಗೆ ಹೋಗಿ ಚಪ್ಪಲಿ ಕಾಯ್ದಂತೆ. ಮೇಲಾಗಿ ಆ ಚೂರು ಯಾವುದೋ ಕೂಸಿನ ಗಂಟಲಲ್ಲಿ ಇಳಿದಿದ್ದರೆ? ತಾರವ್ವ ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿಕೊಂಡಳು. ಹನ್ನೊಂದು ಬಳೆ ಒಂದೊಂದಾಗಿ ಜಾರಿದವು. ಅವನ್ನು ಕರವಸ್ತ್ರದಲ್ಲಿ ಕಟ್ಟಿ ಸೊಂಟಕ್ಕೆ ಸಿಗಿಸಿಕೊಂಡಳು.

ಸಂಜೆ ಟಂಟಂ ಆಟೋದಲ್ಲಿ ಕೈ ಸೆರಗಿನೊಳಗೆ ಮುಚ್ಚಿಕೊಂಡು ಸುಮ್ಮನೆ ಕೂತಳು. ಎದುರಿಗೆ ಪಕ್ಕದ ಮನೆಯ ಗುರುಬಾಯಿ. ತಾರವ್ವ ಸುಮ್ಮನಿದ್ದದ್ದೇ ಗುರುಬಾಯಿಗೆ ದೊಡ್ಡ ಅಪಶಕುನ. ತಗ್ಗಿನಲ್ಲಿ ಗಾಡಿ ಎತ್ತಿಹಾಕಿದಾಗ ಸೆರಗು ಸರಿದು ಬೋಳು ಕೈ ಕಂಡವು. ಇಂಥದ್ದನ್ನು ಕೇಳಬಾರದು, ಹೋಗಿ ಅಳಬೇಕು. ಅದೇ ರೂಢಿ. ತಾರವ್ವ ಬದನೆಕಾಯಿ ಕೊಳ್ಳಲು ಪ್ಯಾಟೆಯಲ್ಲಿ ಇಳಿದಳು. ಗಂಡ ಸತ್ತ ದಿನ ಬದನೆಕಾಯಿ ಏಕೆ ಎಂದು ಯೋಚಿಸುವಷ್ಟು ವೇಳೆ ಗುರುಬಾಯಿಗೆ ಇರಲಿಲ್ಲ.

ತಾರವ್ವನ ಗಂಡ ಧರೆಪ್ಪ, ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಸೊಂಟ ಕಳಕೊಂಡವನು, ಒಳಗೆ ಚಹಾ ಬಸಿಯಲ್ಲಿ ಸುರುವಿಕೊಂಡು ಊದುತ್ತಿದ್ದ. ಹೊರಗೆ ಏಳೆಂಟು ಹೆಂಗಸರ ಗೋಳು ಕೇಳಿಸಿತು. ಬಾಗಿಲಿಗೆ ಬಂದರೆ ಎಲ್ಲರೂ ತನ್ನ ಕಟ್ಟೆಯ ಮೇಲೆಯೇ ಎದೆ ಬಡಿದುಕೊಳ್ಳುತ್ತಿದ್ದಾರೆ. ತಾರವ್ವ ಮಾತ್ರ ಇಲ್ಲ. ಬಸಿ ಕೈಯಿಂದ ಬಿತ್ತು.

"ಅಯ್ಯೋ ತಾರೀ! ಮಿಷನ್ನಿಗಿ ಸಿಕ್ಕೇನ ನನ್ನವ್ವಾ! ಇನ್ನ ನಾ ಯಾರ ಕೂಡ ಜಗಳಾ ತಗೀಲೇ!"

ಸತ್ತವನೇ ಎದ್ದು ಬಂದು ಅಳುವುದನ್ನು ಕಂಡು ಗುರುಬಾಯಿಯ ಅಳು ಗಂಟಲಲ್ಲೇ ನಿಂತಿತು. "ಇಂವ ಇಲ್ಲೇ ಅದಾನಲ್ಲೇ!" ಎಂದಳು, ತುಸು ಮೋಸ ಹೋದವಳಂತೆ. ಅಷ್ಟರಲ್ಲಿ ಬದನೆಕಾಯಿಯ ಚೀಲ ಹಿಡಿದು ತಾರವ್ವ ಬಂದಳು.

"ಯಾರ ಹ್ವಾದ್ರು?"

ಎಲ್ಲರ ಕಣ್ಣೂ ಅವಳ ಮುಂಗೈ ಮೇಲೆ. ತಾರವ್ವನಿಗೆ ತಿಳಿಯಿತು. ಮುಂದಿನ ಐದು ನಿಮಿಷ ಅವಳು ಗುರುಬಾಯಿಗೆ ಅಂದದ್ದನ್ನು ಬರೆದರೆ ಕಾಗದ ಹತ್ತಿಕೊಂಡು ಉರಿದೀತು.

ಜನ ಹೋದ ಮೇಲೆ ಧರೆಪ್ಪ ಕಣ್ಣೊರೆಸಿಕೊಂಡ. ಕಣ್ಣೊರೆಸಿಕೊಂಡು ಬಳೆಯ ಸಂಗತಿ ಕೇಳಿದ ಮೇಲೆ ಸಿಟ್ಟು ಬಂತು. "ನಾ ಇರೂತನಕ ಬೋಳು ಕೈ ನಡಿಯೂದಿಲ್ಲ. ಕೆಲಸ ಬಿಡು. ನಾಳೆ ನಾನ ಬಂದು ಆ ಕಾರ್ಖಾನಿ ಬಾಯಾರಿಗೆ ಹೇಳ್ತೇನಿ."

"ಬರ್ರಿ. ಸತ್ತಾಂವ ಬಂದಾನಂತ ಅವ್ರಿಗೂ ತಿಳೀಲಿ."

ಬೆಳಿಗ್ಗೆ ಅವನು ನಿಜವಾಗಿಯೂ ಹೋದ. ಬುರುಗು ಸಿದ್ಧವಾಗಿತ್ತು, ಕಾಯುವಂತಿರಲಿಲ್ಲ. ವೈಶಾಲಿ ಅವನನ್ನು ಗಾಜಿನ ಕಿಟಕಿಯ ಈಚೆ ನಿಲ್ಲಿಸಿ, "ಹತ್ತು ನಿಮಿಷ ತಡೀರಿ ಕಾಕಾ, ಆಮ್ಯಾಲೆ ಬೈಯ್ರಿ" ಎಂದಳು.

ಧರೆಪ್ಪ ನೋಡಿದ. ಬೋಳು ಕೈ ಬುರುಗಿನೊಳಗೆ ಇಳಿಯಿತು, ಎದ್ದಿತು, ಮಗುಚಿತು. ಬಿಳಿ ಗುಡ್ಡೆ ಒಂದು ಬೆರಳೂ ಕುಸಿಯಲಿಲ್ಲ. ಮಗ್ಗದಲ್ಲಿ ಹರಿದ ಎಳೆಯನ್ನು ಉಸಿರು ಬಿಗಿಹಿಡಿದು ಕೂಡಿಸುತ್ತಿದ್ದವನು ಅವನು. ಮೆತ್ತಗಿನ ಕೈ ಎಂದರೇನು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಾರವ್ವನ ಬಾಯಿ ಮುಚ್ಚಿತ್ತು. ಮುಖ ಅವನು ಎಂದೂ ಕಾಣದ ಯಾರದೋ ಮುಖದಂತಿತ್ತು. ತಂದಿದ್ದ ಬೈಗುಳ ಎಲ್ಲಿ ಹೋದವೋ.

ಅವಳು ಹೊರಬಂದಾಗ ಕೇಳಿದ, "ಮೂವತ್ತ ವರ್ಷ ಈ ಕೈ ಎಲ್ಲಿ ಇಟ್ಟಿದ್ದೀಬೇ? ಮನ್ಯಾಗ ಒಂದ ದಿನಾನೂ ಕಾಣಲಿಲ್ಲ?"

"ನೀವು ಬುರುಗಾಗಿದ್ರ ತೋರಸ್ತಿದ್ನಿ. ನೀವು ಜ್ವಾಳದ ಹಿಟ್ಟು. ಬಡದ್ರನ ಹದಕ್ಕ ಬರೂದು."

ವೈಶಾಲಿ ನಗು ತಡೆಯಲಾರದೆ ಒಳಗೆ ಓಡಿದಳು. ಧರೆಪ್ಪ ಗೋಡೆಯ ಕಡೆ ನೋಡುತ್ತ ಸೊಂಟ ಉಜ್ಜಿಕೊಂಡ. "ಪ್ಯಾಕಿಂಗ್ ಗೀಕಿಂಗ್ ಬ್ಯಾಡ" ಎಂದ. "ಬಳಿ ಮನಿಗಿ ಬಂದಮ್ಯಾಲೆ ಹಾಕ್ಕೊ. ಮಂದಿಗಿ ನಾ ಇದ್ದೇನಿ ಅಂತ ಕಂಡ್ರ ಸಾಕಲ್ಲ? ನಾನ ಕಾಣಸ್ತೇನಿ."

ಮರುದಿನದಿಂದ ತಾರವ್ವ ಟಂಟಂ ಹತ್ತಲಿಲ್ಲ. ಧರೆಪ್ಪ ಹಳೆಯ ಮೊಪೆಡ್ ಒರೆಸಿ ತೆಗೆದ. ಹತ್ತಿರದ ದಾರಿ ಬಿಟ್ಟು, ಬೇಕೆಂದೇ ಪ್ಯಾಟೆಯ ನಡುವೆ ಹಾದು, ಬಳೆಗಳ ಬದಲು ಗಂಡನನ್ನೇ ತೊಟ್ಟುಕೊಂಡವಳಂತೆ ಅವಳನ್ನು ಮೆರೆಸುತ್ತ ಹೊರಟ. ನೂಲಿನ ಅಂಗಡಿಯ ಸಿದರಾಯ ಕೂಗಿದ, "ಏನೋ ಧರೆಪ್ಪ, ಇನ್ನೂ ಅದಿ?"

"ಅದೀನಪಾ! ಅದನ್ನ ತೋರಸಾಕ ಹೊಂಟೇನಿ!" ಎಂದು ಧರೆಪ್ಪ ಉತ್ಸಾಹದಿಂದ ಎರಡೂ ಕೈ ಬಿಟ್ಟು ತೋರಿಸಿದ. ಗಾಡಿ ವಾಲಾಡಿತು.

ತಾರವ್ವ ಅವನ ಅಂಗಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಳು. "ಸಾವಕಾಶ ಹೊಡೀರಿ. ಇನ್ನ ಮ್ಯಾಲೆ ಖರೇನ ಸತ್ರೂ ಯಾರೂ ಅಳಾಕ ಬರೂದಿಲ್ಲ."