ಬೆನ್ಸನ್ ಟೌನ್ ಸಿಕ್ಕಿತು

ಗೆಳೆಯರೇ, ಇವತ್ತು ನಮ್ಮ ಬೆನ್ಸನ್ ಟೌನ್‌ಗೆ ಔಷಧಿ ಬರುವುದು ನಿಲ್ಲುವುದರಲ್ಲಿತ್ತು.

ಮನೆಗೆ ಔಷಧಿ ತಲುಪಿಸುವ ನಮ್ಮ ಕಂಪನಿಯ ಹೊಸ ಪ್ರೋಗ್ರಾಂ ವಿಳಾಸ ನೋಡಿ ಬಡಾವಣೆ ಗುರುತಿಸಬೇಕು. ಹಲಸೂರು, ವಿಮಾನಪುರ ಸಿಕ್ಕವು. ಬೆನ್ಸನ್ ಟೌನ್‌ನ ಒಂದು ಮನೆಯೂ ಸಿಗಲಿಲ್ಲ.

“ಅಲ್ಲಿಯೋರಿಗೆ ಅಡ್ರೆಸ್ ಬರೆಯೋಕೇ ಬರಲ್ಲ ಮೇಡಂ, ಆ ಏರಿಯಾ ಬಿಟ್ಬಿಡೋಣ,” ಎಂದ ಟೀಮ್ ಲೀಡ್ ಪ್ರವೀಣ್.

ಅಲ್ಲಿಯವಳಾದ ನನಗೂ ಒಂದು ಕ್ಷಣ ಹೌದೇನೋ ಅನ್ನಿಸಿತು. ಆದರೂ ಅವನ ಕೋಡ್ ತೆರೆದೆ. ಓದಲು ಸುಲಭವಾಗಲೆಂದು ಹುಡುಕುವ ಹೆಸರುಗಳನ್ನು ಹಲವು ಸಾಲುಗಳಲ್ಲಿ ಬಿಡಿಸಿ ಬರೆಯಲು, ಪದ ಹುಡುಕುವ ರೆಗೆಕ್ಸ್‌ಗೆ ಒಂದು ಫ್ಲ್ಯಾಗ್, ಅಂದರೆ ವಿಶೇಷ ಸೂಚನೆ, ಹಾಕಿದ್ದ. ಅದಿದ್ದರೆ ಹುಡುಕುವ ಹೆಸರಿನ ನಡುವಿನ ಖಾಲಿ ಜಾಗ ಲೆಕ್ಕಕ್ಕೇ ಇಲ್ಲ; ಪ್ರೋಗ್ರಾಂ ಹುಡುಕುತ್ತಿದ್ದುದು ‘ಬೆನ್ಸನ್‌ಟೌನ್’ ಎಂದು ಕೂಡಿಸಿ ಬರೆದದ್ದನ್ನು ಮಾತ್ರ. ಫ್ಲ್ಯಾಗ್ ತೆಗೆದು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದೆ. ಇಡೀ ಬೆನ್ಸನ್ ಟೌನ್ ಬಂತು.

ಜೊತೆಗೆ, ಯಾರೂ ಗಮನಿಸದೆ ಬಿಟ್ಟುಹೋಗಿದ್ದ ಕೆ ಆರ್ ಪುರವೂ ಬಂತು. ಪ್ರವೀಣನ ಮನೆ ಅಲ್ಲೇ.

“ನೋಡು ಪ್ರವೀಣ್, ನಿಮ್ಮ ಏರಿಯಾದೋರೂ ಅಡ್ರೆಸ್ ಬರೆಯೋದು ಕಲಿತ್ಬಿಟ್ರು,” ಎಂದೆ.